ಬಹುಮಾನಕ್ಕೆ ನಿಂತ ಹಾಡುಗಳು

ಹಸೆಗೆ ಕರೆಯುವಾಗ ಹಾಡತಕ್ಕ ಹಾಡನ್ನು ತೊಟ್ಟಿಲ ಬಳಿ ನಿಂತು ಹಾಡಿದರೆ ಮನೆಯ ಹಿರಿಯರು ನಗುವರು. ರಾಗ ಚೆನ್ನಾಗಿರಬಹುದು, ಕಂಠವೂ ಇಂಪಾಗಿರಬಹುದು. ಆದರೆ ಹಾಡು ತನ್ನ ಸ್ಥಳದಲ್ಲಿಲ್ಲ. ಬೀಸುವಾಗ ಒಂದು, ಆರತಿಗೆ ಒಂದು, ಮಗುವನ್ನು ಮಲಗಿಸುವಾಗ ಮತ್ತೊಂದು ಎಂದು ನಮ್ಮ ಹೆಂಗಳೆಯರು ಹಾಡುಗಳನ್ನು ವಿಂಗಡಿಸಿಟ್ಟಿರುವುದು ನಿಷ್ಕಾರಣವಾಗಿಯಲ್ಲ. ಹಾಡಿನ ಸೊಗಸಿನಲ್ಲಿ ಅರ್ಧ ಪಾಲು ಸಂದರ್ಭಕ್ಕೆ ಸೇರಿದುದು. ಇದೇ ಒರೆಗಲ್ಲಿನ ಮೇಲೆ, ಅಮೆರಿಕದ ಚಲಚ್ಚಿತ್ರ ಅಕಾಡೆಮಿಯವರು ವರ್ಷವರ್ಷವೂ ಕೊಡುವ ಆಸ್ಕರ್ ಬಹುಮಾನಕ್ಕೆ ನಿಂತ ಕೆಲವು ಹಾಡುಗಳನ್ನು ಈ ತಿಂಗಳು ವಾಚಕರೊಡನೆ ಪರೀಕ್ಷಿಸಬೇಕೆಂದಿದ್ದೇನೆ.

ಚಿತ್ರದ ಹಾಡಿಗೆಂದು ಪ್ರತ್ಯೇಕ ಬಹುಮಾನವು ೧೯೩೪ನೆಯ ಇಸವಿಯ ಚಿತ್ರಗಳಿಂದ ಮೊದಲಾಯಿತು. ಈಗಿನ ಪದ್ಧತಿಯಂತೆ ಅಕಾಡೆಮಿಯ ಸಂಗೀತ ಶಾಖೆಯವರು ಐದು ಹಾಡುಗಳನ್ನು ಆರಿಸುವರು. ಅವುಗಳಲ್ಲಿ ಗೆದ್ದುದು ಯಾವುದೆಂಬುದನ್ನು ಸದಸ್ಯರೆಲ್ಲರ ಮತದಿಂದ ಗೊತ್ತುಮಾಡುವರು. ಬಹುಮಾನ ಸಲ್ಲುವುದು ಹಾಡಿದವರಿಗಲ್ಲ. ಸಾಹಿತ್ಯವನ್ನು ಬರೆದವರಿಗೂ ಸಂಗೀತವನ್ನು ಕೂಡಿಸಿದವರಿಗೂ. ಹಾಡಿನ ಮಾತೂ ಧಾಟಿಯೂ ಎರಡೂ ಆ ಚಿತ್ರಕ್ಕೆಂದೇ ಹೊಸದಾಗಿ ರಚಿತವಾಗಿರಬೇಕೆಂಬುದು ಮುಖ್ಯ ನಿಬಂಧನೆ. ಈ ನಿಬಂಧನೆ ಬಿಗಿಯಾದ ಕಥೆಯು ಕೇಳತಕ್ಕದ್ದಾಗಿದೆ.

೧೯೪೦ನೆಯ ಇಸವಿ ಜೂನ್ ತಿಂಗಳಲ್ಲಿ ಪ್ಯಾರಿಸ್ ನಗರವು ಜರ್ಮನರ ವಶವಾಯಿತು. ಆ ನಗರದ ಹಿಂದಿನ ಚೆಲುವನ್ನು ನೆನೆದು ಆಸ್ಕರ್ ಹ್ಯಾಮರ್‌ಸ್ಟೈನ್ ಎಂಬವರು ‘ದಿ ಲಾಸ್ಟ್ ಟೈಮ್ ಐ ಸಾ ಪ್ಯಾರಿಸ್’ ಎಂಬ ಹಾಡನ್ನು ಬರೆದರು. ಜೆರೋಮ್ ಕೆರ್ನ್ ಅದಕ್ಕೆ ಸಂಗೀತ ಕೂಡಿಸಿದರು. ಮೊದಲೇ ಪ್ರಕಟವಾಗಿದ್ದ ಈ ಹಾಡನ್ನು ೧೯೪೧ರಲ್ಲಿ ‘ಲೇಡಿ ಬಿ ಗುಡ್’ ಎಂಬ ಚಿತ್ರದಲ್ಲಿ ಸೇರಿಸಿಕೊಂಡರು. ಬಹುಮಾನವೂ ಅದಕ್ಕೇ ಬಂದಿತು. ಅದೇ ವರ್ಷ ಹೆರಾಲ್ಡ್ ಆರ್ಲೆನ್ ಮತ್ತು ಜಾನಿ ಮರ್ಸರ್ ಎಂಬವರು ಚಿತ್ರಕ್ಕೆಂದೇ ರಚಿಸಿದ್ದ ‘ಬ್ಲೂಸ್ ಇನ್ ದ ನೈಟ್’ ಸೋತಿತು. ಆಗ ಇದು ನ್ಯಾಯವಲ್ಲವೆಂದು ಆಕ್ಷೇಪಿಸಿದವರು ಸೋತವರಲ್ಲ, ಗೆದ್ದ ಕೆರ್ನರೇ! ಆ ಮೇಲೆಯೇ ಹಾಡು ಚಿತ್ರಕ್ಕಾಗಿ ಹುಟ್ಟಿದುದಾಗಿರಬೇಕೆಂಬ ಕಟ್ಟಳೆ ನಿಂತಿತು. ಕೈಗೆ ಬಂದ ಮನ್ನಣೆಯನ್ನು ಹೀಗೆ ತೂಗಿ ನೋಡುವ ಮನಸ್ಸು ಎಷ್ಟು ಜನಕ್ಕಿದ್ದೀತು?

ಚಿತ್ರಕ್ಕಾಗಿ ಹುಟ್ಟಿದರೆ ಸಾಲದು. ಚಿತ್ರದ ಕಥೆಗೆ ಅದು ಬೇಕಾಗಿರಬೇಕು. ೧೯೩೯ರ ‘ದಿ ವಿಝರ್ಡ್ ಆಫ್ ಆಝ್’ ಚಿತ್ರದಲ್ಲಿ ಹುಲ್ಲುಗಾವಲಿನ ನಾಡಿನ ಹುಡುಗಿಯೊಬ್ಬಳು ಕಾಮನಬಿಲ್ಲಿನಾಚೆಯ ದೇಶವನ್ನು ಕನಸುತ್ತ ಹಾಡುತ್ತಾಳೆ. ಕಥೆಯ ಓಟಕ್ಕೆ ತಡೆಯಾಗುವುದೆಂದು ಈ ಹಾಡನ್ನು ಕತ್ತರಿಸುವ ಯೋಚನೆ ನಡೆದಿದ್ದಿತು. ಹೇಗೋ ಉಳಿದು ಬಹುಮಾನವನ್ನು ಪಡೆಯಿತು. ಆ ಹಾಡಿಲ್ಲದಿದ್ದರೆ ಹುಡುಗಿ ದೂರದೇಶಕ್ಕೆ ಹೋದುದು ಬರಿಯ ಬಿರುಗಾಳಿಯ ಕೆಲಸವಾಗುತ್ತಿತ್ತು. ಹಾಡಿರುವುದರಿಂದ ಅದು ಅವಳ ಮನಸ್ಸಿನ ಪ್ರಯಾಣವಾಗಿದೆ. ಚಿತ್ರ ತೆಗೆದವರಿಗೇ ಒಮ್ಮೊಮ್ಮೆ ಹಾಡಿನ ಬೆಲೆ ತಿಳಿಯದೆಂಬುದಕ್ಕೆ ಇದು ನಿದರ್ಶನ.

ಇನ್ನು ನಮ್ಮ ದೇಶದ ಸಂಬಂಧವುಳ್ಳ ಹಾಡುಗಳಿಗೆ ಬರೋಣ. ೨೦೦೮ರ ‘ಸ್ಲಂಡಾಗ್ ಮಿಲಿಯನೇರ್’ ಎಂಬ ಬ್ರಿಟಿಷ್ ಚಿತ್ರಕ್ಕಾಗಿ ಶ್ರೀ ಎ. ಆರ್. ರಹಮಾನರು ಸಂಗೀತ ಕೂಡಿಸಿದ ಎರಡು ಹಾಡುಗಳು ಬಹುಮಾನಕ್ಕೆ ನಿಂತವು. ಶ್ರೀ ಗುಲ್ಜಾರರ ಸಾಹಿತ್ಯವುಳ್ಳ ‘ಜೈ ಹೋ’ ೨೦೦೯ರಲ್ಲಿ ಬಹುಮಾನ ಗಳಿಸಿತು. ಅದನ್ನು ಹಾಡಿದವರಲ್ಲಿ ನಮ್ಮ ಮೈಸೂರಿನ ಶ್ರೀ ವಿಜಯ್ ಪ್ರಕಾಶರೂ ಒಬ್ಬರೆಂಬುದು ಕನ್ನಡಿಗರಿಗೆ ಸಂತೋಷದ ಸಂಗತಿ. ಆದರೂ ನನ್ನ ಮತವನ್ನು ಮುಚ್ಚಿಡಲಾರೆ. ಕಥೆ ಮುಗಿದು ನಾಯಕ ನಾಯಕಿಯರು ಕೂಡಿದ ಬಳಿಕ, ರೈಲು ನಿಲ್ದಾಣದ ನರ್ತನದೊಡನೆ ಈ ಹಾಡು ಬರುತ್ತದೆ. ಹರಿಕಥೆಯ ಕೊನೆಯ ಮಂಗಳದಂತೆ ಅದು ಕೇಳಿದವರ ಮನಸ್ಸನ್ನು ಹಗುರಮಾಡಿ ಕಳುಹುತ್ತದೆ. ಅಷ್ಟು ಸಂಕಟವನ್ನು ಕಂಡ ಪ್ರೇಕ್ಷಕನಿಗೆ ಆ ಉಪಶಮನ ಬೇಕೆಂಬುದೂ ದಿಟ. ಆದರೆ ಮಂಗಳವು ಚೆನ್ನಾಗಿತ್ತೆಂದು ಕಥೆಯ ಬಹುಮಾನವನ್ನು ಅದಕ್ಕೆ ಕೊಡಬಹುದೆ? ಕೊಳೆಗೇರಿಯ ಹುಡುಗರ ಓಟಕ್ಕೆ ಉಸಿರು ಕೊಡುವ, ಎಂ. ಐ. ಎ. ಎಂಬ ಗಾಯಕಿಯೊಡನೆ ರಚಿಸಿದ ‘ಓ ಸಾಯಾ’ ಎಂಬ ಇನ್ನೊಂದು ಹಾಡೇ ಚಿತ್ರಕ್ಕೆ ಹೆಚ್ಚು ಹತ್ತಿರವೆಂದು ನನಗೆ ತೋರುತ್ತದೆ.

೨೦೧೨ರ ‘ಲೈಫ್ ಆಫ್ ಪೈ’ ಚಿತ್ರದ ಜೋಗುಳವು ಸೋತ ಹಾಡು. ಅದರ ತಮಿಳು ಸಾಹಿತ್ಯವನ್ನು ಬರೆದು ಹಾಡಿದವರು ಕರ್ನಾಟಕ ಸಂಗೀತದ ವಿದುಷಿ ಶ್ರೀಮತಿ ಬಾಂಬೆ ಜಯಶ್ರೀಯವರು. ಸಂಗೀತ ಮೈಕಲ್ ಡ್ಯಾನಾ ಅವರದು. ಪುದುಚೇರಿಯ ಮೃಗಾಲಯದ ಪ್ರಾಣಿಗಳನ್ನು ತೋರಿಸುತ್ತ ಚಿತ್ರ ಆರಂಭವಾಗುವಾಗ ಈ ಜೋಗುಳ ಕೇಳಿಸುತ್ತದೆ. ಆಗ ಅದು ಬರಿಯ ಇಂಪೆನಿಸುವುದು. ಮುಂದೆ ಹಡಗು ಮುಳುಗಿ, ಹುಡುಗನು ತಂದೆ ತಾಯಿ ಅಣ್ಣಂದಿರನ್ನು ಕಳೆದುಕೊಂಡು ನಡುಗಡಲಿನಲ್ಲಿ ಹುಲಿಯೊಡನೆ ಉಳಿದಾಗ, ಮೊದಲು ಕೇಳಿದ ತಾಯ ದನಿಯ ಬೆಲೆ ತಿಳಿಯುತ್ತದೆ. ಆ ಸಾರಿ ಬಹುಮಾನವು ಜೇಮ್ಸ್ ಬಾಂಡ್ ಚಿತ್ರದ ‘ಸ್ಕೈಫಾಲ್’ ಹಾಡಿಗೆ ಸಂದಿತು. ಅದು ಗಂಭೀರವಾದ ಹಾಡೇ ಸರಿ. ಆದರೆ ನನ್ನ ಕೈಯಲ್ಲಿ ಮತವಿದ್ದಿದ್ದರೆ ಜೋಗುಳಕ್ಕೇ ಹಾಕುತ್ತಿದ್ದೆ.

೨೦೨೩ರ ಮಾರ್ಚಿಯಲ್ಲಿ ಗೆದ್ದ ‘ನಾಟು ನಾಟು’ ವಿಷಯದಲ್ಲಿ ನನಗೆ ಸಂದೇಹವೇ ಇಲ್ಲ. ‘ಆರ್‌ಆರ್‌ಆರ್’ ಎಂಬ ತೆಲುಗು ಚಿತ್ರದ ಈ ಹಾಡಿಗೆ ಸಂಗೀತ ಶ್ರೀ ಎಂ. ಎಂ. ಕೀರವಾಣಿಯವರದು, ಸಾಹಿತ್ಯ ಶ್ರೀ ಚಂದ್ರಬೋಸರದು. ಭಾರತದಲ್ಲೇ ತಯಾರಾದ ಚಿತ್ರದ ಹಾಡೊಂದಕ್ಕೆ ಈ ಬಹುಮಾನ ಬಂದುದು ಅದೇ ಮೊದಲು. ‘ನಾಟು’ ಎಂದರೆ ನಾವು ನಾಟಿ ಹಸು, ನಾಟಿ ಕೋಳಿ ಎನ್ನುವಾಗಿನ ನಾಟಿಯೇ. ಜೋಳದ ರೊಟ್ಟಿಯನ್ನೂ ಮೆಣಸಿನಕಾಯಿಯ ಖಾರವನ್ನೂ ಹಾಡಿನಲ್ಲಿ ತಂದಿರುವ ಕವಿಯ ಮಾತು ನಮ್ಮ ಬಯಲುಸೀಮೆಯವರಿಗೆ ಪರಕೀಯವೆನಿಸದು.

ಆಂಗ್ಲರ ಔತಣಕೂಟದಲ್ಲಿ ಒಬ್ಬನು, ನಿಮಗೆ ನರ್ತನವೇನು ಗೊತ್ತೆಂದು ನಮ್ಮವನನ್ನು ಹೀಯಾಳಿಸುತ್ತಾನೆ. ಅದಕ್ಕೆ ಉತ್ತರವಾಗಿ ಇಬ್ಬರು ಸ್ನೇಹಿತರು ಕುಣಿಯುತ್ತಾರೆ. ಎದುರಾಳಿಗಳೆಲ್ಲರೂ ದಣಿದು ಬಿದ್ದ ಮೇಲೆ ಈ ಇಬ್ಬರಲ್ಲೇ ಸ್ಪರ್ಧೆ ಉಳಿಯುತ್ತದೆ. ಭೀಮನು ಮೆಚ್ಚಿದ ಹೆಣ್ಣು ನೋಡುತ್ತಿರುವುದನ್ನು ಕಂಡು ರಾಮನು ಬೇಕೆಂದೇ ಸೋಲುತ್ತಾನೆ. ಮುಂದೆ ಇವರೇ ಒಬ್ಬರಿಗೊಬ್ಬರು ಎದುರಾಗಿ ನಿಲ್ಲಬೇಕಾಗುವುದು. ಗೆಳೆತನದ ಆಳವನ್ನು ಆ ಹಾಡು ತೋರಿಸದಿದ್ದರೆ, ಆ ಗೆಳೆತನ ಒಡೆದಾಗಿನ ನೋವು ನಮ್ಮನ್ನು ತಟ್ಟುತ್ತಿರಲಿಲ್ಲ. ಕುಣಿತದ ಅಬ್ಬರವನ್ನಷ್ಟೇ ಕಂಡು ಹೊಗಳುವವರೂ ತೆಗಳುವವರೂ ಈ ಸೋಲನ್ನು ಗಮನಿಸಿದಂತೆ ಕಾಣದು.

ಬಹುಮಾನದ ಪಟ್ಟಿ ಪ್ರಕಟವಾದಾಗ ಮನೆಮನೆಯಲ್ಲಿಯೂ ಚರ್ಚೆಯಾಗುವುದು ಸಹಜ. ಆಗ ಮಕ್ಕಳಿಗೆ ಒಂದು ಸಣ್ಣ ಕೆಲಸವನ್ನು ಕೊಟ್ಟು ನೋಡಿರಿ: ಹಾಡನ್ನು ಬಿಟ್ಟು ಕಥೆಯನ್ನು ಹೇಳಲಿ. ಕಥೆ ಕುಂಟಿದರೆ ಹಾಡು ಗೆದ್ದಂತೆ. ಕುಂಟದಿದ್ದರೆ, ಅದು ಎಷ್ಟೇ ಇಂಪಾಗಿದ್ದರೂ ಆ ಮನೆಗೆ ಬಂದುಹೋದ ಅತಿಥಿ ಮಾತ್ರ. ನಮ್ಮ ಕನ್ನಡ ಚಿತ್ರಗಳ ಹಾಡುಗಳನ್ನೂ ಇದೇ ಒರೆಗೆ ಹಚ್ಚಿರಿ. ನಮ್ಮವರ ಹಾಡೆಂಬ ಅಭಿಮಾನವಿರಲಿ; ಅದರೊಡನೆ ಕೆರ್ನರಿಗಿದ್ದ ತಕ್ಕಡಿಯೂ ಇರಲಿ. ಗೆದ್ದಾಗ ತೂಗಿ ನೋಡಬಲ್ಲವನಿಗೆ ಸೋತಾಗ ದುಃಖ ಕಡಮೆ.