ಅರ್ಥ ಆಯ್ತು, ಇಷ್ಟ ಆಗ್ಲಿಲ್ಲ!

ತುಂಬಾ ದಿನಗಳಿಂದ ಈ ಕಡೆ ತಲೆ ಹಾಕಿರಲಿಲ್ಲ. ಆಫೀಸು, ರಿಲೀಸು, ಮತ್ತೆ ಆಫೀಸು.. ನಿಮಗೆ ಗೊತ್ತಿದ್ದದ್ದೇ. ಇವತ್ತು ಬರೆಯಲೇಬೇಕು ಅನ್ನಿಸಿದ್ದು ಕೋಪದಿಂದ. ಕಾರಣ ಒಂದು ಸಿನಿಮಾ. ಅದೂ 2015ರಲ್ಲಿ ಬಂದು ಹೋದ ಸಿನಿಮಾ. ನಗಬೇಡಿ.

ಮೊನ್ನೆ ಮಧ್ಯಾಹ್ನ ಊಟ ಮಾಡ್ತಾ ಸಹೋದ್ಯೋಗಿಯೊಬ್ಬ, "'ಉಪ್ಪಿ 2' ಕಾಲಕ್ಕಿಂತ ಮುಂದಿತ್ತು ಕಣೋ, ಆಗಿನ ಜನಕ್ಕೆ ಅರ್ಥ ಆಗ್ಲಿಲ್ಲ" ಅಂದ. ಪಕ್ಕದಲ್ಲಿದ್ದ ಇಬ್ಬರು ಹೌದೌದು ಅಂತ ತಲೆಯಾಡಿಸಿದರು. 2024ರ ಡಿಸೆಂಬರಿನಲ್ಲಿ 'ಯುಐ' ಬಂದಾಗಿನಿಂದ ನನ್ನ ಗೆಳೆಯರ ಬಾಯಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ. "ಯಾವ ದೃಶ್ಯ ಮುಂದಿತ್ತು, ಹೇಳು" ಅಂದೆ. ಅವನಿಗೆ ನೆನಪಿರಲಿಲ್ಲ. ಮೊಬೈಲಿನಲ್ಲಿ ಅರ್ಧ ನಿಮಿಷದ ತುಣುಕು ನೋಡಿದ್ದನಂತೆ, ಅಷ್ಟೆ.

ನನಗೆ ಇಷ್ಟು ಸಿಟ್ಟು ಬರೋದಕ್ಕೆ ಒಂದು ಹಳೇ ಲೆಕ್ಕ ಇದೆ. ಇದೇ ಮಾತನ್ನು 2015ರಲ್ಲಿ ನಾನೇ ಹೇಳಿದ್ದೆ!

ಆಗ ಪಿಯುಸಿ ಮುಗಿಸಿ ಇಂಜಿನಿಯರಿಂಗಿಗೆ ಸೇರಿದ ಹೊಸತು. ಆಗಸ್ಟ್ 14ಕ್ಕೆ ಸಿನಿಮಾ ಬಿಡುಗಡೆ. ಆ ವಾರವೇ ಪಾಣೆಮಂಗಳೂರಿನಿಂದ ಮಾವನ ಬೈಕಿನಲ್ಲಿ ಮಂಗಳೂರಿಗೆ ಹೋಗಿ ನೋಡಿದೆವು. ಮಾವ 1999ರಲ್ಲಿ 'ಉಪೇಂದ್ರ' ನೋಡಿ ಮರುಳಾದವರು. ರವೀನಾ ಟಂಡನ್, ಪ್ರೇಮಾ, ದಾಮಿನಿ ಮೂವರ ಜೊತೆಗಿನ ಡೈಲಾಗುಗಳೂ ಅವರಿಗೆ ಬಾಯಿಪಾಠ. ಹದಿನಾರು ವರ್ಷ ಕಾದು ಎರಡನೆಯದನ್ನು ನೋಡಿ ಹೊರಗೆ ಬಂದ ಮನುಷ್ಯ ಮಾತೇ ಆಡಲಿಲ್ಲ. ವಾಪಸು ಬರ್ತಾ ಬಿ.ಸಿ.ರೋಡಿನಲ್ಲಿ ಚಾ ಕುಡಿಯೋಕೆ ನಿಲ್ಲಿಸಿದಾಗ ನಾನು ಜಾಣನ ಹಾಗೆ, "ನಿಮಗೆ ಅರ್ಥ ಆಗ್ಲಿಲ್ಲ ಮಾವ, ಇದು ಬೇರೆ ಲೆವೆಲ್" ಅಂದೆ.

ಮಾವ ಗ್ಲಾಸು ಕೆಳಗಿಟ್ಟರು. "ಅರ್ಥ ಆಗದ್ದು ಎಂಥ ಉಂಟು ಮಾರಾಯ ಅದ್ರಲ್ಲಿ? ಹಿಂದಿನದ್ದು ಮುಂದಿನದ್ದು ಯೋಚನೆ ಮಾಡ್ಬೇಡ, ಈಗ ಬದುಕು. ಅಷ್ಟೇ ಅಲ್ವಾ? ಅರ್ಥ ಆಯ್ತು. ಇಷ್ಟ ಆಗ್ಲಿಲ್ಲ."

ಹಳೇ ಸೇತುವೆ ದಾಟಿ ಮನೆ ಮುಟ್ಟುವವರೆಗೆ ಇಬ್ಬರೂ ಮಾತಾಡಲಿಲ್ಲ. ಅವರು ಹೇಳಿದ್ದು ಎಷ್ಟು ಸರಿ ಅಂತ ತಲೆಗೆ ಹೋಗೋಕೆ ನನಗೆ ಇಷ್ಟು ವರ್ಷ ಬೇಕಾಯ್ತು.

ಒಂದು ಸಿನಿಮಾಕ್ಕೆ ಯಾಕಪ್ಪಾ ಇಷ್ಟು ತಲೆಬಿಸಿ ಅಂತೀರಾ? ನಮ್ಮ ಭಾಷೆಯಲ್ಲಿ ಸೈನ್ಸ್ ಫಿಕ್ಷನ್ ಕಡೆ ಕೈ ಚಾಚಿದವರು ಎಷ್ಟು ಜನ, ಎಣಿಸಿ ನೋಡಿ. 2002ರ 'ಹಾಲಿವುಡ್'ನಲ್ಲಿ ರೋಬೋ ಆದದ್ದು ಉಪೇಂದ್ರ. 2010ರ 'ಸೂಪರ್'ನಲ್ಲಿ 2030ರ ಭಾರತ ತೋರಿಸಿದ್ದೂ ಅವರೇ. 'ಯುಐ'ಗೆ ಮುಂಚೆ ಬಂದ ತುಣುಕಿನಲ್ಲಿ 2040ರ ಕಥೆ ಹೇಳಿದ್ದೂ ಅವರೇ. ಇಂಥ ಒಬ್ಬರ ಸಿನಿಮಾಗಳ ಬಗ್ಗೆ ನಾವು ಹೇಗೆ ಮಾತಾಡ್ತೇವೆ ಅನ್ನೋದರ ಮೇಲೆ ನಾಳೆ ಬರುವ ಹುಡುಗರು ಏನು ಮಾಡ್ತಾರೆ ಅನ್ನೋದೂ ನಿಂತಿದೆ.

ಈಗ 'ಮ್ಯಾಟ್ರಿಕ್ಸ್' ವಿಷಯಕ್ಕೆ ಬರ್ತೀನಿ. ಹಾಸ್ಟೆಲಿನಲ್ಲಿ ಅದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ. ಅದು ಬಂದದ್ದೂ 'ಉಪೇಂದ್ರ' ಬಂದ 1999ರಲ್ಲೇ. 2003ರಲ್ಲಿ ಅದರ ಎರಡು, ಮೂರನೇ ಭಾಗಗಳು ಬಂದಾಗ ಅಭಿಮಾನಿಗಳು ಬೈದದ್ದೇ ಬೈದದ್ದು. ಈಗ ಅದಕ್ಕೂ ಮರುವಿಚಾರಣೆ ನಡೀತಿದೆ. ನಾನೂ ಮತ್ತೆ ನೋಡಿದೆ. ಎರಡನೇ ಭಾಗದಲ್ಲಿ ಗೋಡೆ ತುಂಬಾ ಟಿವಿ ಇರುವ ಕೋಣೆಯಲ್ಲಿ ಬಿಳಿ ಗಡ್ಡದ ಆರ್ಕಿಟೆಕ್ಟ್ ಕೂತು ನಿಯೋಗೆ ಹೇಳ್ತಾನಲ್ಲ.. ನೀನು ಮೊದಲನೆಯವನಲ್ಲ, ಆರನೆಯವನು. ಉದ್ಧಾರಕ ಬರ್ತಾನೆ ಅನ್ನೋ ನಂಬಿಕೆಯೂ ಈ ವ್ಯವಸ್ಥೆಯದ್ದೇ ಒಂದು ಭಾಗ ಅಂತ. ಮೊದಲ ಭಾಗದಲ್ಲಿ ನಾವು ಚಪ್ಪಾಳೆ ಹೊಡೆದ ನಾಯಕನನ್ನೇ ಅಲ್ಲಿ ಒಡೆದು ಹಾಕಿದ್ದಾರೆ. ಅದು ಧೈರ್ಯ, ಒಪ್ಪಿದೆ. ಆದರೆ ಅದನ್ನು ಹೇಳುವ ರೀತಿ ಪಕ್ಕಾ ಕ್ಲಾಸ್‌ರೂಮ್ ಪಾಠ. ಅದೂ ಅಷ್ಟೇ ನಿಜ. ಅದೇ ಸಿನಿಮಾದಲ್ಲಿ ಟ್ರಿನಿಟಿ ಎನ್‌ಮ್ಯಾಪ್ ಓಡಿಸುವ ಎರಡು ಗಳಿಗೆ ನನ್ನಂಥವನಿಗೆ ಆ ಪಾಠಕ್ಕಿಂತ ಹೆಚ್ಚು ಖುಷಿ ಕೊಡ್ತದೆ :)

'ಉಪ್ಪಿ 2' ಮಾಡಿದ್ದೂ ಇದನ್ನೇ. ಮೊದಲ ಸಿನಿಮಾದ ನಾಯಕನ ಹೆಸರು 'ನಾನು'. ಮನಸ್ಸಿನಲ್ಲಿದ್ದದ್ದನ್ನು ಮುಚ್ಚಿಡದೆ ಕಿರುಚಿ ಹೇಳುವವನು. ಎರಡನೆಯದರಲ್ಲಿ ಅವನು 'ನೀನು'. ಯೋಚನೆಯನ್ನೇ ಬಿಟ್ಟವನು. ಹದಿನಾರು ವರ್ಷ ಕಾದವರಿಗೆ ಅದೇ ಹಳೇ ಊಟ ಬಡಿಸದೆ ಬೇರೆಯೇ ಬಡಿಸಿದರು. ಇದಕ್ಕೆ ನನ್ನ ಸಲಾಂ. "ಹಳೇ ಉಪ್ಪಿ ಎಲ್ಲಿ?" ಅಂತ ಬೈದವರು ತಮ್ಮ ಮಾತನ್ನು ಈಗ ವಾಪಸು ತಗೊಳ್ಳೋದು ನ್ಯಾಯ.

ಆದರೆ ಆಗ ಇನ್ನೊಂದು ದೂರೂ ಇತ್ತು ಸ್ವಾಮೀ. 'ನಾನು' ಅನ್ನೋ ಅಹಂಕಾರ ಏನು ಮಾಡ್ತದೆ ಅಂತ ಮೊದಲ ಸಿನಿಮಾ ಮೂರು ಹೆಣ್ಣುಗಳ ಕಥೆಯಲ್ಲಿ ತೋರಿಸಿತ್ತು. ನಕ್ಕೆವು, ಹೇಸಿದೆವು, ಕೊನೆಗೆ ನಮ್ಮನ್ನೇ ನೋಡಿಕೊಂಡೆವು. ಎರಡನೆಯದು ಬಾಯಲ್ಲಿ ಹೇಳುತ್ತೆ. ಮತ್ತೆ ಹೇಳುತ್ತೆ. ಮಧ್ಯೆ ಹೊಡೆದಾಟ ಬರುತ್ತೆ, ಆಮೇಲೆ ಪುನಃ ಹೇಳುತ್ತೆ. ಈ ದೂರು 2015ರಲ್ಲಿ ಸರಿಯಾಗಿತ್ತು, ಇವತ್ತಿಗೂ ಸರಿಯಾಗಿದೆ. ಕಾಲ ಎಷ್ಟು ಮುಂದೆ ಹೋದರೂ ಇದು ಬದಲಾಗೋದಿಲ್ಲ.

"ಜನಕ್ಕೆ ಅರ್ಥ ಆಗ್ಲಿಲ್ಲ" ಅನ್ನೋರಿಗೆ ಒಂದು ಪ್ರಶ್ನೆ. ಯಾವ ಜನಕ್ಕೆ? ನಮ್ಮ ಕಡೆ ತಾಳಮದ್ದಳೆ ಅಂತ ಒಂದುಂಟು, ಬಯಲುಸೀಮೆಯ ಗೆಳೆಯರಿಗೆ ಗೊತ್ತಿಲ್ಲದಿದ್ದರೆ ಹೇಳ್ತೀನಿ. ವೇಷ ಇಲ್ಲ, ಕುಣಿತ ಇಲ್ಲ, ಕೂತು ಮಾತಾಡೋದು. ವಾಲಿವಧೆ ಪ್ರಸಂಗದಲ್ಲಿ ಬಾಣ ತಗಲಿ ಬಿದ್ದ ವಾಲಿ ರಾಮನನ್ನು ಕೇಳ್ತಾನೆ. ಮರೆಯಲ್ಲಿ ನಿಂತು ಹೊಡೆದೆಯಲ್ಲ, ಇದು ಯಾವ ಧರ್ಮ? ರಾಮನನ್ನೇ ಕಟಕಟೆಯಲ್ಲಿ ನಿಲ್ಲಿಸ್ತಾನೆ! ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯ ಮಾತನ್ನು ಮಾವನ ತಲೆಮಾರಿನವರು ಇವತ್ತಿಗೂ ನೆನಪಿಸಿಕೊಳ್ತಾರೆ. ಬೀಡಿ ಕಟ್ಟುವವರು, ಅಂಗಡಿ ಇಟ್ಟವರು, ಮೇಷ್ಟ್ರು ಎಲ್ಲರೂ ಗಂಟೆಗಟ್ಟಲೆ ಕೂತು ಕೇಳಿ, ಮಾರನೇ ದಿನ ಯಾರ ವಾದ ಎಲ್ಲಿ ಸೋತಿತು ಅಂತ ಜಗಳ ಆಡ್ತಾರೆ. ಅಂಥವರಿಗೆ ಒಂದು ಸಿನಿಮಾದ ನಾಯಕನನ್ನು ಒಡೆದು ಹಾಕಿದ್ದು ಅರ್ಥ ಆಗಲಿಲ್ಲವೇ?! ವಾಲಿ ಪ್ರಶ್ನೆ ಕೇಳೋದು ಎದೆಗೆ ಬಾಣ ನೆಟ್ಟ ಮೇಲೆ, ಸಾಯ್ತಾ. ಅದಕ್ಕೇ ಆ ಮಾತಿಗೆ ತೂಕ. 'ಉಪ್ಪಿ 2'ನಲ್ಲಿ ಮಾತಿದೆ, ಬಾಣ ಇಲ್ಲ.

ನಮ್ಮ ಕೆಲಸದಲ್ಲೂ ಈ ರೋಗ ಇದೆ. ಬಳಕೆದಾರ ದೂರು ಕೊಟ್ಟರೆ, "ಅವನಿಗೆ ಉಪಯೋಗಿಸೋಕೆ ಬರಲ್ಲ, ಇದು ಬಗ್ ಅಲ್ಲ ಫೀಚರ್" ಅಂತ ಟಿಕೆಟ್ ಮುಚ್ಚಿ ಮನೆಗೆ ಹೋಗ್ತೇವೆ. ನಾನೂ ಮಾಡಿದ್ದೀನಿ. ಮುಂದಿನ ರಿಲೀಸಿನಲ್ಲಿ ಅದೇ ತಪ್ಪು ಇನ್ನೂ ದೊಡ್ಡದಾಗಿ ಎದುರಿಗೆ ಬಂದು ನಿಲ್ಲುತ್ತೆ. 'ಕಾಲಕ್ಕಿಂತ ಮುಂದೆ' ಅನ್ನೋದು ಅಭಿಮಾನಿ ಟಿಕೆಟ್ ಮುಚ್ಚುವ ರೀತಿ. ಹೊಗಳಿಕೆ ಥರಾ ಕೇಳುತ್ತೆ, ಆದರೆ ಅದರಿಂದ ಯಾರೂ ಏನೂ ಕಲಿಯೋದಿಲ್ಲ.

ಹಾಗಂತ ಮೊದಲ ದಿನ ಮೊದಲ ಆಟ ನೋಡಿ, ಇಂಟರ್ವಲ್ಲಿನಲ್ಲೇ ತೀರ್ಪು ಕೊಟ್ಟವರ ಪರ ವಕಾಲತ್ತು ಹಾಕ್ತಿದ್ದೀನಿ ಅಂದ್ಕೋಬೇಡಿ. ಅವರದ್ದೂ ಇದೇ ಸೋಮಾರಿತನ. ಅವರೂ ದೃಶ್ಯದ ಹೆಸರು ಹೇಳಲ್ಲ, ಇವರೂ ಹೇಳಲ್ಲ.

ಕಳೆದ ಸಲ ಊರಿಗೆ ಹೋದಾಗ ಮಾವನ ಜೊತೆ ಕೂತು ಮತ್ತೆ ನೋಡಿದೆ. ಪೂರ್ತಿ, ಓಡಿಸದೆ. ಮುಗಿದ ಮೇಲೆ ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಆವತ್ತು ನಾನು ಹಳೇ ಉಪ್ಪಿಯನ್ನು ಹುಡುಕಿಕೊಂಡು ಹೋದದ್ದು ತಪ್ಪು. 'ನೀನು' ಅಂತ ಹೆಸರಿಟ್ಟದ್ದು ಬಹಳ ಚಂದ ಉಂಟು. ಆದ್ರೆ ಭಾಷಣ ಶುರುವಾದ್ರೆ ಈಗ್ಲೂ ಆಕಳಿಕೆ ಬರ್ತದೆ ಮಾರಾಯ."

ಮರುಮೌಲ್ಯಮಾಪನ ಅಂದ್ರೆ ಇದು. ಒಂದು ಮಾತು ವಾಪಸು ತಗೊಂಡರು, ಇನ್ನೊಂದನ್ನು ಉಳಿಸಿಕೊಂಡರು. ಎರಡಕ್ಕೂ ಕಾರಣ ಕೊಟ್ಟರು.

"ಬಿ.ಸಿ.ರೋಡಿನಲ್ಲಿ ಹಾಗೆ ಹೇಳಬಾರದಿತ್ತು ಮಾವ, ತಪ್ಪಾಯ್ತು" ಅಂದೆ. ಅವರಿಗೆ ಅದು ನೆನಪೇ ಇರಲಿಲ್ಲ.

ಬ್ಲಾಗಿಗ ಮಿತ್ರರೇ, ನಿಮ್ಮಲ್ಲಿ ಯಾರಾದರೂ 'ಉಪ್ಪಿ 2' ಬಗ್ಗೆ ಬರೆಯೋದಿದ್ದರೆ ದಯವಿಟ್ಟು ಒಮ್ಮೆ ಪೂರ್ತಿ ನೋಡಿ ಬರೆಯಿರಿ. ಯಾವ ದೃಶ್ಯ ಗೆದ್ದಿತು, ಯಾವುದು ಬಿತ್ತು ಅಂತ ಹೇಳಿ. ನನ್ನದು ತಪ್ಪು ಅನ್ನಿಸಿದರೆ ಕೆಳಗೆ ಬೈಯಿರಿ, ಖುಷಿಯಿಂದ ಜಗಳ ಆಡೋಣ. ಆದರೆ "ನಿನಗೆ ಅರ್ಥ ಆಗ್ಲಿಲ್ಲ" ಅಂತ ಮಾತ್ರ ಬರೆಯಬೇಡಿ.