ಒಂದೇ ಬೆಳೆಯ ಹೊಲ, ಒಂದೇ ಸುಗ್ಗಿಯ ಪೇಟೆ



ಜೇವರ್ಗಿಯ ಪೇಟೆ ಸೊರಗುತ್ತಿದೆ ಎಂಬ ಮಾತು ಚಹಾದಂಗಡಿಯಲ್ಲಿ, ಬಸ್ ನಿಲ್ದಾಣದಲ್ಲಿ, ಹಳ್ಳಿಯ ಕಟ್ಟೆಯ ಮೇಲೆ ಕೇಳಿಬರುತ್ತಿದೆ. ಪೇಟೆ ವ್ಯಾಪಾರಸ್ಥರದು, ಅದರ ಚಿಂತೆ ನಮಗೇಕೆ ಎಂದು ನೀವು ಕೇಳಬಹುದು. ಕುಂಟೆಯ ಕುಡ ಮೊಂಡಾದಾಗ ತಟ್ಟಿಕೊಡುವ ಕಮ್ಮಾರ, ಪಂಪಿನ ಮೋಟಾರು ಸುಟ್ಟಾಗ ಸುತ್ತಿಕೊಡುವ ಮಿಸ್ತ್ರಿ, ಬಿತ್ತನೆಯ ಹೊತ್ತಿಗೆ ಉದ್ರಿ ಕೊಡುವ ಕಿರಾಣಿ ಅಂಗಡಿಯವ, ಇವರೆಲ್ಲ ಹತ್ತಿರದ ಪೇಟೆಯಲ್ಲಿದ್ದರೆ ನಿಮಗೆ ಅರ್ಧ ದಿನದ ಕೆಲಸ. ಅದೇ ಕೆಲಸಕ್ಕೆ ಕಲಬುರಗಿಗೆ ಹೋಗಿ ಬರಬೇಕಾದರೆ ಒಂದು ದಿನದ ದುಡಿಮೆ ಹೋಯಿತು. ಹದ ಬಂದ ಎರೆ ಹೊಲ ಒಂದು ದಿನವೂ ಕಾಯುವುದಿಲ್ಲ ಎಂಬುದು ನಿಮಗೆ ಗೊತ್ತು. ಆದ್ದರಿಂದ ಪೇಟೆಯ ಏಳುಬೀಳು ನಿಮ್ಮ ಹೊಲದ ಏಳುಬೀಳೂ ಹೌದು.

ಜೇವರ್ಗಿ ಮೂಲೆಗೆ ಬಿದ್ದ ಊರಲ್ಲ. ವಿಜಯಪುರದಿಂದ ಕಲಬುರಗಿಗೆ ಹೋಗುವ 50ನೇ ರಾಷ್ಟ್ರೀಯ ಹೆದ್ದಾರಿ ಇಲ್ಲಿ ಹಾಯುತ್ತದೆ. ಶಹಾಪುರ, ಸುರಪುರದ ಕಡೆಯಿಂದ ಚಾಮರಾಜನಗರದವರೆಗೆ ಹೋಗುವ 150ಎ ಹೆದ್ದಾರಿ ಇಲ್ಲಿಂದಲೇ ಹೊರಡುತ್ತದೆ. ರೈಲು ಇಲ್ಲ, ನಿಜ. ಆದರೆ ದಾರಿ ಕೂಡುವ ಊರಿಗೆ ವ್ಯಾಪಾರ ಕೂಡಬೇಕು ಎಂಬುದು ಹಳೆಯ ಲೆಕ್ಕ. ಆ ಲೆಕ್ಕ ಇಲ್ಲಿ ಏಕೆ ತಪ್ಪಿತು?

ಜನರ ಮಾತು ಹಲವು

ಈ ಪ್ರಶ್ನೆಗೆ ಊರಿನವರು ಕೊಡುವ ಉತ್ತರ ಒಂದೇ ಬಗೆಯದಲ್ಲ.

ಅಂಗಡಿಕಾರರ ಮಾತು ಹೀಗೆ: ಭೀಮೆಯ ಆಚೆ ಕಲಬುರಗಿ 40 ಕಿಲೋಮೀಟರಿನಷ್ಟು ದೂರ. ರಸ್ತೆ ಸುಧಾರಿಸಿದಂತೆ ಗಿರಾಕಿ ಅತ್ತ ಹರಿದರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಬಸ್ ಟಿಕೆಟ್ ಇಲ್ಲ; ಮದುವೆಯ ಸೀರೆ, ಪಾತ್ರೆ ಎಲ್ಲವೂ ದೊಡ್ಡ ಊರಿನಿಂದಲೇ ಬರುತ್ತವೆ. ಉಳಿದದ್ದನ್ನು ಮೊಬೈಲ್ ಫೋನು ಮನೆ ಬಾಗಿಲಿಗೆ ತರಿಸಿಕೊಡುತ್ತದೆ.

ಹಿರಿಯರ ಮಾತು ಬೇರೆ. ಕಚೇರಿಗೆ ಬರುವ ಜನರಿಂದಲೇ ಪೇಟೆ ನಡೆಯುತ್ತಿತ್ತು. ಈಗ ಪಹಣಿ ಮೊಬೈಲಿನಲ್ಲೇ ಸಿಗುತ್ತದೆ, ಯಡ್ರಾಮಿ ಬೇರೆ ತಾಲೂಕಾಗಿ ಆ ಭಾಗದ ಜನ ಇತ್ತ ಬರುವುದು ಕಡಿಮೆಯಾಯಿತು ಎನ್ನುತ್ತಾರೆ. ಸರಕಾರ ಹೊಸ ಕಚೇರಿ, ವಾಣಿಜ್ಯ ಮಳಿಗೆ, ಕಾರ್ಖಾನೆ ತರಬೇಕು ಎಂಬುದು ಅವರ ಒತ್ತಾಯ.

ಯುವಕರು ಇನ್ನೊಂದು ಹೇಳುತ್ತಾರೆ. ದುಡಿಯುವ ಕೈಗಳೇ ಪುಣೆ, ಮುಂಬಯಿ, ಹೈದರಾಬಾದ್, ಬೆಂಗಳೂರಿಗೆ ಗುಳೆ ಹೋದ ಮೇಲೆ ಇಲ್ಲಿ ಕೊಳ್ಳುವವರು ಯಾರು ಎಂದು ಕೇಳುತ್ತಾರೆ.

ನೀವು, ಅಂದರೆ ರೈತರು, ಅಡತಿ ಅಂಗಡಿಯ ಕಡೆ ಬೆರಳು ತೋರಿಸುತ್ತೀರಿ. ತೂಕದಲ್ಲಿ ಕಡಿತ, ದರದಲ್ಲಿ ಕಡಿತ, ಉದ್ರಿಗೆ ಬಡ್ಡಿ. ಇಂಥ ಪೇಟೆ ಬದುಕಿದರೆಷ್ಟು, ಮುಳುಗಿದರೆಷ್ಟು ಎಂಬ ಕೋಪ ನಿಮ್ಮದು.

ಈ ಮಾತುಗಳಲ್ಲಿ ಯಾವುದನ್ನೂ ಸುಳ್ಳೆಂದು ತಳ್ಳಿಹಾಕಲಾಗದು. ಆದರೆ ಯಾವುದೂ ಮೂಲ ಕಾರಣವಲ್ಲ ಎಂಬುದು ನನ್ನ ಅಭಿಪ್ರಾಯ. ರಸ್ತೆ ಎರಡು ಕಡೆಗೂ ಹೋಗುತ್ತದೆ. ಅಂದೋಲ, ಇಜೇರಿ, ನೆಲೋಗಿ, ಜೇರಟಗಿಯ ಹೆಣ್ಣುಮಕ್ಕಳನ್ನು ಕಲಬುರಗಿಗೆ ಒಯ್ಯುವ ಬಸ್ಸು ಜೇವರ್ಗಿಗೂ ತಂದು ಇಳಿಸಬಲ್ಲದು. ಇಳಿಯುವಂಥ ಪೇಟೆ ಇರಬೇಕಷ್ಟೆ. ಕೊಳ್ಳುವವರಿಲ್ಲದ ಕಡೆ ವಾಣಿಜ್ಯ ಮಳಿಗೆ ಕಟ್ಟಿದರೆ ಕೀಲಿ ಹಾಕಿದ ಅಂಗಡಿಗಳ ಸಾಲು ಇನ್ನಷ್ಟು ಉದ್ದವಾದೀತೇ ಹೊರತು ವ್ಯಾಪಾರ ಬರದು. ಗುಳೆ ಹೋಗುವುದು ಪೇಟೆ ಸೊರಗಿದ್ದಕ್ಕೆ ಕಾರಣ ಎಷ್ಟೋ, ಅದರ ಫಲವೂ ಅಷ್ಟೇ.

ಮೂಲ ಹೊಲದಲ್ಲಿದೆ

ಪೇಟೆಯ ಗಲ್ಲಾ ಪೆಟ್ಟಿಗೆ ತುಂಬುವುದು ಯಾವಾಗ ಎಂದು ಗಮನಿಸಿದ್ದೀರಾ? ತೊಗರಿ ರಾಶಿಯಾಗುವ ಡಿಸೆಂಬರ್, ಜನವರಿಯಲ್ಲಿ. ಹತ್ತಿ ಬಿಡಿಸುವ ಕಾಲವೂ ಹೆಚ್ಚುಕಡಿಮೆ ಅದೇ. ಆ ಎರಡು ಮೂರು ತಿಂಗಳು ರೈತನ ಕೈಯಲ್ಲಿ ದುಡ್ಡು, ಅಂಗಡಿಯ ಮುಂದೆ ಜನ. ಆಮೇಲೆ ಹಳೆಯ ಬಾಕಿ ತೀರಿಸಿ, ಮದುವೆ ಮುಂಜಿ ಮುಗಿಸಿದರೆ ಬೇಸಿಗೆಯ ಹೊತ್ತಿಗೆ ಜೇಬು ಖಾಲಿ. ಜೂನ್‌ನಿಂದ ಮತ್ತೆ ಉದ್ರಿ. ವರ್ಷದಲ್ಲಿ ಮೂರು ತಿಂಗಳು ವ್ಯಾಪಾರ ಮಾಡಿ ಹನ್ನೆರಡು ತಿಂಗಳು ಬಾಡಿಗೆ ಕಟ್ಟುವ ಅಂಗಡಿ ಎಷ್ಟು ದಿನ ಬಾಗಿಲು ತೆರೆದೀತು? ಉದ್ರಿಯ ಬಡ್ಡಿ ಏರುವುದೂ ಈ ಕಾರಣದಿಂದಲೇ. ಒಂದೇ ಬೆಳೆಯ ಹೊಲಕ್ಕೆ ಒಂದೇ ಸುಗ್ಗಿಯ ಪೇಟೆ.

ಆ ಒಂದು ಬೆಳೆ ಕೈಕೊಟ್ಟರೆ ಹೊಲವೂ ಪೇಟೆಯೂ ಒಟ್ಟಿಗೆ ಮಲಗುತ್ತವೆ. 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿ ದಂಡೆಯ ಬೆಳೆ ಕೊಚ್ಚಿತು. 2022ರಲ್ಲಿ ನೆಟೆ ರೋಗ ಜಿಲ್ಲೆಯ ತೊಗರಿಯನ್ನು ನಿಂತಲ್ಲೇ ಒಣಗಿಸಿತು. 2023ರಲ್ಲಿ ಬರ. ಬೆಳೆ ಬಂದ ವರ್ಷವೂ ದರ ನಮ್ಮ ಕೈಯಲ್ಲಿಲ್ಲ. 2021ರ ಮೇ ತಿಂಗಳಿಂದ ಆಮದಿಗೆ ಬಾಗಿಲು ತೆರೆದ ಮೇಲೆ ಮೊಜಾಂಬಿಕ್, ತಾಂಜಾನಿಯಾ, ಮ್ಯಾನ್ಮಾರ್‌ಗಳ ತೊಗರಿ ಹಡಗಿನಲ್ಲಿ ಬಂದು ನಮ್ಮ ತೊಗರಿಗೆ ಪೈಪೋಟಿ ಕೊಟ್ಟಿತು. 2025-26ರ ಹಂಗಾಮಿಗೆ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ರೂಪಾಯಿ ಎಂದು ಗೊತ್ತುಮಾಡಿದರೂ, ಖರೀದಿ ಕೇಂದ್ರ ತೆರೆಯುವವರೆಗೆ ಕಾಯಲಾರದ ಸಣ್ಣ ರೈತ ಸಿಕ್ಕ ದರಕ್ಕೆ ಮಾರುವುದು ತಪ್ಪುವುದಿಲ್ಲ.

ವರ್ಷವಿಡೀ ಕೈಗೆ ದುಡ್ಡು

ಹಾಗಾದರೆ ತೊಗರಿ ಬಿಡಬೇಕೇ? ಖಂಡಿತ ಬೇಡ. ಈ ನೆಲದ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ದೊರೆತಿದೆ. ಬಿಡಬೇಕಾದದ್ದು ತೊಗರಿಯನ್ನಲ್ಲ, ತೊಗರಿಯೊಂದನ್ನೇ ನಂಬುವ ರೂಢಿಯನ್ನು.

ಮುಂಗಾರಿನಲ್ಲಿ ತೊಗರಿಯ ಸಾಲುಗಳ ನಡುವೆ ಹೆಸರು ಅಥವಾ ಉದ್ದು ಹಾಕಿ. ಹೆಸರು 65 ರಿಂದ 70 ದಿನಗಳ ಬೆಳೆ. ಜೂನ್‌ನಲ್ಲಿ ಬಿತ್ತಿದರೆ ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ, ಅಂದರೆ ದಸರೆಗೆ ಮುಂಚೆ, ನಾಲ್ಕು ಕಾಸು ಕೈಗೆ ಬರುತ್ತದೆ. ಹೊಲದ ಒಂದು ಭಾಗವನ್ನು ಹಿಂಗಾರಿಗೆ ಉಳಿಸಿ ಜೋಳ ಅಥವಾ ಕಡಲೆ ಬಿತ್ತಿದರೆ ಫೆಬ್ರುವರಿ, ಮಾರ್ಚ್‌ನಲ್ಲಿ ಮತ್ತೊಂದು ರಾಶಿ, ದನಕ್ಕೆ ಕಣಿಕೆ. ಜೋಳದ ಕಣಿಕೆ ಇದ್ದರೆ ಒಂದೆರಡು ಎಮ್ಮೆ ಸಾಕಬಹುದು; ಹಾಲಿನ ದುಡ್ಡು ಸಣ್ಣದಾದರೂ ತಿಂಗಳು ತಿಂಗಳೂ ಬರುತ್ತದೆ. ನಾರಾಯಣಪುರ ಎಡದಂಡೆ ಯೋಜನೆಯ ಜೇವರ್ಗಿ ಶಾಖಾ ಕಾಲುವೆಯ ನೀರು ಸಿಗುವವರು ಹತ್ತು ಗುಂಟೆಯಲ್ಲಾದರೂ ಕಾಯಿಪಲ್ಯ ಬೆಳೆದು ಸಂತೆಗೆ ತರಬಹುದು.

ಇದರಿಂದ ನೆಲಕ್ಕೂ ಹಿತ. ವರ್ಷ ವರ್ಷವೂ ಅದೇ ಹೊಲದಲ್ಲಿ ತೊಗರಿ ಹಾಕಿದರೆ ನೆಟೆ ರೋಗದ ಶಿಲೀಂಧ್ರ ಮಣ್ಣಿನಲ್ಲಿ ಬೇರೂರುತ್ತದೆ. ಜೋಳದೊಡನೆ ಬೆಳೆ ಬದಲಿಸಿದರೆ ಅದರ ಹಾವಳಿ ತಗ್ಗುತ್ತದೆ. ರೋಗ ತಡೆಯುವ ಟಿಎಸ್-3ಆರ್, ಜಿಆರ್‌ಜಿ-811ರಂಥ ತಳಿಗಳು ನಮ್ಮ ಕಲಬುರಗಿಯ ಸಂಶೋಧನಾ ಕೇಂದ್ರದಿಂದಲೇ ಬಂದಿವೆ. ಆದರೆ ಬೆಳೆ ಬದಲಿಸದೆ ತಳಿಯನ್ನಷ್ಟೇ ಬದಲಿಸಿದರೆ ಪೂರ್ಣ ಫಲ ಸಿಗದು.

ತೊಗರಿ ಮಾರಿ ಬೇಳೆ ಕೊಳ್ಳುವುದು

ಎರಡನೆಯ ಸಂಗತಿ ಇನ್ನೂ ಸರಳ. ನಮ್ಮ ತೊಗರಿ ಚೀಲದಲ್ಲಿ ಹೊರಟು ಹೋಗುತ್ತದೆ. ಬೇಳೆ ಪೊಟ್ಟಣದಲ್ಲಿ ಮರಳಿ ಬರುತ್ತದೆ. ಬೆಳೆದವನೇ ಕೊಳ್ಳುವವನು! ಒಂದು ಕ್ವಿಂಟಲ್ ತೊಗರಿಯಿಂದ ಒಳ್ಳೆಯ ಗಿರಣಿಯಲ್ಲಿ 70 ಕಿಲೋಗ್ರಾಂ ಅಥವಾ ಅದಕ್ಕೂ ತುಸು ಹೆಚ್ಚು ಬೇಳೆ ಬರುತ್ತದೆ. ಉಳಿದ ಹೊಟ್ಟು, ನುಚ್ಚು ದನಕ್ಕೆ ಮೇವು. ಈ ವಾರ ಅಂಗಡಿಯಲ್ಲಿ ಬೇಳೆಯ ದರ ಕೇಳಿ, ನೀವು ತೊಗರಿ ಮಾರಿದ ದರದೊಡನೆ ಹೋಲಿಸಿ, ಗಿರಣಿಯ ಖರ್ಚು ಕಳೆದು ಲೆಕ್ಕ ಹಾಕಿ. ಉಳಿದದ್ದು ಯಾವ ಊರಿನ ಪೇಟೆಗೆ ಹೋಯಿತು ಎಂದು ನಿಮಗೇ ತಿಳಿಯುತ್ತದೆ.

ದೊಡ್ಡ ಕಾರ್ಖಾನೆಗಾಗಿ ಕಾಯಬೇಕಾಗಿಲ್ಲ. ಕಲಬುರಗಿಯ ದೊಡ್ಡ ದಾಲ್ ಮಿಲ್ಲುಗಳಲ್ಲೇ ಹಲವು ಬಾಗಿಲು ಹಾಕಿವೆ. ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯ ಹಳ್ಳಿಗೆ ತಕ್ಕ ಸಣ್ಣ ದಾಲ್ ಮಿಲ್ಲನ್ನು ರೂಪಿಸಿ ಬಹಳ ವರ್ಷಗಳಾದವು. 2020ರಲ್ಲಿ ಆರಂಭವಾದ ಕಿರು ಆಹಾರ ಉದ್ದಿಮೆಗಳ ಕೇಂದ್ರ ಯೋಜನೆಯಲ್ಲಿ ಇಂಥ ಘಟಕಕ್ಕೆ ವೆಚ್ಚದ ಶೇಕಡಾ 35ರಷ್ಟು, 10 ಲಕ್ಷ ರೂಪಾಯಿಯ ಮಿತಿಯೊಳಗೆ, ಸಹಾಯಧನ ಇಡಲಾಯಿತು. ಈಗಿನ ನಿಯಮಗಳನ್ನು ನಿಮ್ಮ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಜಿಲ್ಲೆಯ ಮಹಿಳಾ ಸ್ವಸಹಾಯ ಗುಂಪುಗಳು ಜೋಳದ ರೊಟ್ಟಿಯನ್ನು ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲಿ ಮಾರಾಟಕ್ಕೆ ತಂದಿರುವುದನ್ನು ನೋಡಿ. ದಿನವೂ ಒಲೆಯ ಮುಂದೆ ಮಾಡುತ್ತಿದ್ದ ಕೆಲಸಕ್ಕೇ ಬೆಲೆ ಬಂದಿತು.

ಕೂಡಿ ಮಾಡಿದವರ ಉದಾಹರಣೆ ನಮ್ಮ ನಾಡಿನಲ್ಲೇ ಇದೆ. 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದಾಗ ಅದು ಒಂದು ಹಳ್ಳಿಯ ರೈತರ ಸಾಹಸ ಮಾತ್ರವಾಗಿತ್ತು. ಅಡಿಕೆಯ ದರ ಬಿದ್ದಾಗ ಕರಾವಳಿಯ ಬೆಳೆಗಾರರು 1973ರಲ್ಲಿ ಕ್ಯಾಂಪ್ಕೊ ಕಟ್ಟಿದರು. ಮುಂದೆ ಕೋಕೋ ಕೊಳ್ಳುವವರಿಲ್ಲದಾದಾಗ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆದರು. ಪುತ್ತೂರೂ ಒಂದು ತಾಲೂಕು ಕೇಂದ್ರವೇ. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ.

ಪೇಟೆಯವರಿಗೂ ಒಂದು ಮಾತು

ವಾಚನಾಲಯದಲ್ಲಿ ಈ ಪುಟ ಓದುವ ವ್ಯಾಪಾರಸ್ಥರೂ ಇದ್ದಾರೆ. ಅವರಲ್ಲಿ ನನ್ನ ವಿನಂತಿ ಇಷ್ಟೆ. ರೈತ ಕಲಬುರಗಿಗೆ ಹೋಗುವುದು ಬರೀ ದೊಡ್ಡ ಅಂಗಡಿಯ ಆಸೆಗಲ್ಲ. ಅಲ್ಲಿನ ಮಾರುಕಟ್ಟೆಯಲ್ಲಿ ಹತ್ತು ಜನ ಕೂಡಿ ದರ ಕೂಗುತ್ತಾರೆ ಎಂಬ ನಂಬಿಕೆ ಅವನಿಗಿದೆ. ಇಲ್ಲಿಯೂ ತೂಕ ಎಲ್ಲರ ಕಣ್ಣೆದುರು ಆಗಲಿ, ದಿನದ ದರ ಹಲಗೆಯ ಮೇಲೆ ಬರೆದಿರಲಿ, ಪಟ್ಟಿ ಕೈಗೆ ಸಿಗಲಿ. ಸಂತೆಗೆ ಬರುವ ಹೆಣ್ಣುಮಕ್ಕಳಿಗೆ ನೆರಳು, ಕುಡಿಯುವ ನೀರು, ಶುಚಿಯಾದ ಶೌಚಾಲಯ ಇರಲಿ. ಲಕ್ಷಗಟ್ಟಲೆ ಹಾಕಿ ಕಟ್ಟುವ ಮಳಿಗೆಗಿಂತ ಈ ಸಣ್ಣ ಅನುಕೂಲಗಳೇ ಬಸ್ಸಿನಿಂದ ಇಳಿದ ಗಿರಾಕಿಯನ್ನು ಹಿಡಿದು ನಿಲ್ಲಿಸುತ್ತವೆ.

ಬೆಳೆ ಬದಲಿಸಿದೊಡನೆ ಪೇಟೆ ಚಿಗುರಿತು ಎಂದು ಯಾರೂ ಭ್ರಮಿಸಬೇಕಾಗಿಲ್ಲ. ಮಳೆ ಸಕಾಲಕ್ಕೆ ಬಾರದಿದ್ದರೆ ಹೆಸರೂ ಇಲ್ಲ, ಉದ್ದೂ ಇಲ್ಲ. ಕಟಾವಿನ ಹೊತ್ತಿಗೆ ಜಡಿಮಳೆ ಹಿಡಿದರೆ ಹೆಸರು ಬುಡ್ಡಿಯಲ್ಲೇ ಮೊಳೆಯುತ್ತದೆ. ಸಣ್ಣ ಗಿರಣಿ ನಡೆಸಲು ಲೆಕ್ಕ ಬಲ್ಲವರು ಬೇಕು, ಒಬ್ಬರನ್ನೊಬ್ಬರು ನಂಬುವ ಮನಸ್ಸು ಬೇಕು. ಗುಳೆ ಹೋದವರು ಮರಳಲು ವರ್ಷಗಳೇ ಹಿಡಿದಾವು. ಆದರೂ ಮೂರು ತಿಂಗಳ ವ್ಯಾಪಾರ ಆರು ತಿಂಗಳಿಗೆ ಬಂದರೆ ಮಿಸ್ತ್ರಿ ಊರು ಬಿಡುವುದಿಲ್ಲ, ಕಮ್ಮಾರನ ತಿದಿ ಆರುವುದಿಲ್ಲ. ಅದು ಸಣ್ಣ ಲಾಭವಲ್ಲ.

ಬರುವ ಮುಂಗಾರಿಗೆ ಎಲ್ಲ ಹೊಲವನ್ನೂ ಬದಲಿಸಿ ಎಂದು ನಾನು ಹೇಳಲಾರೆ. ನಾಲ್ಕು ಎಕರೆ ಇದ್ದವರು ಒಂದು ಎಕರೆಯಲ್ಲಿ ಹೆಸರು ಸೇರಿಸಿ ನೋಡಿ. ಹದಿನೈದು ಚೀಲ ಮಾರುವವರು ಎರಡು ಚೀಲವನ್ನು ಬೇಳೆ ಮಾಡಿಸಿ ನೋಡಿ. ಊರಿನ ಹತ್ತು ಜನ ಕುಳಿತು ಲೆಕ್ಕ ಬರೆಯಿರಿ. ಪೇಟೆ ಸೊರಗಿದ್ದು ಯಾರಿಂದ ಎಂಬ ವಾದ ಚಹಾದಂಗಡಿಯಲ್ಲಿ ನಡೆಯುತ್ತಲೇ ಇರಲಿ. ನಿಮ್ಮ ಪಾಲಿನ ಕೆಲಸಕ್ಕೆ ಆ ವಾದ ಮುಗಿಯುವವರೆಗೆ ಕಾಯಬೇಕಾಗಿಲ್ಲ.