ಭೀಮಾ ನದಿಯ ಲೆಕ್ಕ ಕ್ಲಾಸಿನೊಳಗೂ ಬರಲಿ

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಗಳಿಂದ ವಿಜ್ಞಾನ ಓದಲು ಹೋಗುವ ಮಕ್ಕಳನ್ನು ಹೆದರಿಸುವ ಪಾಠ ಒಂದಿದೆ: ಡಿಫರೆನ್ಷಿಯಲ್ ಈಕ್ವೇಷನ್. ಪಿಯುಸಿ ಎರಡನೇ ವರ್ಷದಲ್ಲಿ ಪರಿಚಯವಾಗುತ್ತದೆ, ಬಿ.ಎಸ್ಸಿ., ಎಂಜಿನಿಯರಿಂಗ್‌ನಲ್ಲಿ ಮತ್ತೆ ಎದುರಾಗುತ್ತದೆ. ಎಷ್ಟೋ ಮಕ್ಕಳು ಸೂತ್ರ ಬಾಯಿಪಾಠ ಮಾಡಿ, ಪರೀಕ್ಷೆ ಬರೆದು, ಮರೆತುಬಿಡುತ್ತಾರೆ. ಇದಕ್ಕೆ ಮಕ್ಕಳನ್ನು ದೂರಿ ಫಲವಿಲ್ಲ, ಕಲಿಸುವ ರೀತಿ ಬದಲಾಗಬೇಕು ಎನ್ನುವುದು ನಮ್ಮ ವಾದ.

ಹೆಸರು ದೊಡ್ಡದಾದರೂ ವಿಷಯ ನಮಗೆ ಗೊತ್ತಿರುವುದೇ. ಒಂದು ವಸ್ತು ಈಗ ಎಷ್ಟಿದೆ, ಅದು ಯಾವ ವೇಗದಲ್ಲಿ ಬದಲಾಗುತ್ತಿದೆ ಎಂದು ತಿಳಿದರೆ, ನಾಳೆ ಎಷ್ಟಿರುತ್ತದೆ ಎಂದು ಹೇಳಬಹುದು. ಇದು ಅದರ ಲೆಕ್ಕ.

ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿಗೆ 50 ಸಾವಿರ ಸಾಲ ತಂದಿದ್ದೀರಿ ಎಂದುಕೊಳ್ಳಿ. ಬಡ್ಡಿ ಕಟ್ಟದೆ ಅಸಲಿಗೆ ಸೇರುತ್ತಾ ಹೋದರೆ ಎರಡು ವರ್ಷ ತುಂಬುವುದರೊಳಗೆ ಅದು ಒಂದು ಲಕ್ಷ ದಾಟುತ್ತದೆ. ಸಾಲ ದೊಡ್ಡದಾದಷ್ಟೂ ಬೆಳೆಯುವ ವೇಗವೂ ಹೆಚ್ಚು. ಈ ಪಾಠದ ಮೊದಮೊದಲ ಸಮೀಕರಣಗಳಲ್ಲಿ ಇದೂ ಒಂದು.

2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೊರೊನಾ ಸಾವು ದಾಖಲಾಗಿದ್ದು ನಮ್ಮ ಕಲಬುರಗಿಯಲ್ಲಿ. ಸೋಂಕು ಕೂಡ ಮೊದಲಿಗೆ ಚಕ್ರಬಡ್ಡಿಯ ಹಾಗೆಯೇ ಏರುತ್ತದೆ. ಸೋಂಕು ತಗುಲದೆ ಉಳಿದವರು ಕಡಿಮೆಯಾದಂತೆ ಏರಿಕೆ ನಿಧಾನವಾಗುತ್ತದೆ. ಕೆರ್ಮ್ಯಾಕ್, ಮೆಕೆಂಡ್ರಿಕ್ ಎಂಬಿಬ್ಬರು 1927ರಲ್ಲೇ ಇದನ್ನು ಸಮೀಕರಣವಾಗಿ ಬರೆದಿದ್ದರು. ಅದನ್ನು ಅವರು ಹೋಲಿಸಿ ನೋಡಿದ್ದು 1905–06ರ ಮುಂಬೈ ಪ್ಲೇಗಿನ ಸಾವಿನ ಸಂಖ್ಯೆಗಳ ಜೊತೆ.

ಅದೇ 2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕಿನ ಊರುಗಳಿಗೆ ನೀರು ನುಗ್ಗಿತು. ಮೇಲಿನ ಉಜನಿ ಡ್ಯಾಮಿನಿಂದ ಬಿಟ್ಟ ನೀರು ಸೊನ್ನ ಬ್ಯಾರೇಜಿಗೆ ಬರುತ್ತದೆ. ಬರುವ ನೀರಿನಲ್ಲಿ ಹೊರಹೋಗುವ ನೀರು ಕಳೆದರೆ, ಬ್ಯಾರೇಜಿನಲ್ಲಿ ನೀರು ಎಷ್ಟು ವೇಗವಾಗಿ ತುಂಬುತ್ತಿದೆ ಎಂದು ಸಿಗುತ್ತದೆ. ಆದರೆ ಮಟ್ಟ ಏರಿದಂತೆ ಗೇಟಿನಿಂದ ಹೋಗುವ ನೀರೂ ಹೆಚ್ಚುತ್ತದೆ. ಬರೀ ಕೂಡಿ ಕಳೆದರೆ ಸಾಲದು, ಅಲ್ಲಿ ಈ ಗಣಿತ ಬೇಕು. ಊರು ಖಾಲಿ ಮಾಡಲು ಎಷ್ಟು ತಾಸು ಇದೆ ಎಂಬ ಪ್ರಶ್ನೆಗೆ ಉತ್ತರ ಹುಡುಕುವುದು ಇದರಿಂದಲೇ.

ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿದ ಹುಡುಗಿಗೆ ಪಿಯುಸಿ ವಿಜ್ಞಾನದಲ್ಲಿ ಭಾಷೆಯೂ ಹೊಸದು, ವಿಷಯವೂ ಹೊಸದು. ಪುಸ್ತಕದ ಉದಾಹರಣೆಗಳು ಸ್ಪ್ರಿಂಗ್, ವಿದ್ಯುತ್ ಸರ್ಕ್ಯೂಟ್. ಅವೂ ಬೇಕು. ಆದರೆ ಮೊದಲು ಸಾಲ, ಸೋಂಕು, ಹೊಳೆ ಬಂದರೆ ಉಳಿದದ್ದು ಹತ್ತಿರವಾಗುತ್ತದೆ.

1980ರಿಂದ ಗುಲಬರ್ಗಾ ವಿಶ್ವವಿದ್ಯಾಲಯ ಇದೆ. 2009ರಲ್ಲಿ ಶುರುವಾದ ಕೇಂದ್ರೀಯ ವಿಶ್ವವಿದ್ಯಾಲಯ ಆಳಂದ ತಾಲ್ಲೂಕಿನ ಕಡಗಂಚಿಯಲ್ಲೇ ಇದೆ. ಇವೆರಡಕ್ಕೂ, ನಮ್ಮ ಡಿಗ್ರಿ ಕಾಲೇಜುಗಳಿಗೂ ನಮ್ಮ ಕೋರಿಕೆ ಮೂರು. ಈ ಪಾಠದ ಮೊದಲ ಎರಡು ವಾರ ಕನ್ನಡದಲ್ಲೂ ವಿವರಿಸಿ. ವಿದ್ಯಾರ್ಥಿಗಳನ್ನು ಒಂದು ದಿನ ಸೊನ್ನ ಬ್ಯಾರೇಜಿಗೆ ಕರೆದೊಯ್ದು ಅಲ್ಲಿನ ನೀರಿನ ಅಂಕಿಗಳಿಂದ ಲೆಕ್ಕ ಮಾಡಿಸಿ. ಪರೀಕ್ಷೆಯಲ್ಲಿ ಒಂದು ಪ್ರಶ್ನೆಯಾದರೂ ನಮ್ಮ ಜಿಲ್ಲೆಯದ್ದಿರಲಿ.

ಕೆಲಸಕ್ಕೆ ಇಂಗ್ಲಿಷ್ ಬೇಕಲ್ಲ ಎನ್ನುವವರಿದ್ದಾರೆ. ಬೇಕು, ಒಪ್ಪುತ್ತೇವೆ. ಉತ್ತರ ಇಂಗ್ಲಿಷಿನಲ್ಲೇ ಬರೆಯಲಿ. ಆದರೆ ಅರ್ಥವಾಗದ್ದನ್ನು ಯಾವ ಭಾಷೆಯಲ್ಲಿ ಬರೆದರೂ ಕೆಲಸಕ್ಕೆ ಬರುವುದಿಲ್ಲ. ನಿಮ್ಮ ಮನೆಯ ಮಕ್ಕಳು ಕಾಲೇಜಿಗೆ ಹೋಗುತ್ತಿದ್ದರೆ, ಮುಂದಿನ ಪಾಲಕರ ಸಭೆಯಲ್ಲಿ ಈ ಮೂರನ್ನೂ ಕೇಳಿ.